ಹೈದರಾಲಿಯ ಸುದ್ದಿಯ ಚಾವಡಿ

ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಗೆ ಹೋದವರು ಶಿಂಷಾ ನದಿಯ ಅಣೆಕಟ್ಟೆಯನ್ನು ನೋಡದೆ ಹಿಂದಿರುಗುವುದಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕಟ್ಟಿದ ಆ ಕಟ್ಟೆಯಲ್ಲಿ ನೀರು ಗೊತ್ತಾದ ಮಟ್ಟಕ್ಕೆ ಏರಿತೆಂದರೆ, ಬಾಗಿಲು ತೆರೆಯುವವನ ಕೈಗೆ ಕಾಯದೆ ಸೈಫನ್ನುಗಳು ತಾವಾಗಿಯೇ ಅದನ್ನು ಸೆಳೆದು ಆಚೆಗೆ ಚೆಲ್ಲುತ್ತವೆ. ನೀರು ಏರಿದ್ದೇ ಅಲ್ಲಿ ಸುದ್ದಿ, ಅದೇ ಆಜ್ಞೆ. ಅದೇ ತಾಲ್ಲೂಕಿನ ಕುಣಿಗಲ್ ಪಟ್ಟಣವು ಮೈಸೂರಿನ ರಾವುತರಿಗೆ ಕುದುರೆ ಸಾಕಿಕೊಟ್ಟ ಊರೆಂದು ಹೆಸರಾದದ್ದು. ಕುದುರೆಯ ಮಾತು ಬಂದರೆ ಹೈದರಾಲಿಯ ನೆನಪು ಬರುವುದು ಸಹಜ. ನನಗಾದರೋ ಕುದುರೆಗಿಂತ ಆ ಕಟ್ಟೆಯನ್ನು ಕಂಡಾಗಲೇ ಅವನು ಹೆಚ್ಚಾಗಿ ನೆನಪಾಗುತ್ತಾನೆ. ದಂಡಿನಲ್ಲಿ ಸುದ್ದಿ ಎಲ್ಲಿ ಹುಟ್ಟಬೇಕು, ಯಾರ ಕಿವಿಗೆ ಬೀಳಬೇಕು, ಎಷ್ಟು ಬೇಗ ಆಜ್ಞೆಯಾಗಿ ಹಿಂದಿರುಗಬೇಕು ಎಂಬುದು ಇಂದು ಗಣಕಯಂತ್ರದ ಪರದೆಯ ಮುಂದೆ ಕುಳಿತ ಸೇನಾನಿಗಳನ್ನೂ ಕಾಡುವ ಪ್ರಶ್ನೆ. ಅದನ್ನು ಆ ಮನುಷ್ಯನು ಓಲೆ, ಓಟಗಾರ ಮತ್ತು ಮುನ್ಷಿಯ ದನಿ ಇವಿಷ್ಟರಿಂದಲೇ ಬಿಡಿಸಹೊರಟನು. ಅದೂ ತಾನು ಓದುಬರಹ ಬಾರದವನಾಗಿದ್ದು.

ಹೈದರನು ಕೋಲಾರದ ಸೀಮೆಯ ಬೂದಿಕೋಟೆಯಲ್ಲಿ ಹುಟ್ಟಿದನು. ವರ್ಷ 1720 ಎಂದು ಕೆಲವರು, 1722 ಎಂದು ಕೆಲವರು. ತಂದೆ ಫತೇ ಮಹಮ್ಮದನು ಶಿರಾದ ನವಾಬನ ಚಾಕರಿಯಲ್ಲಿದ್ದು, ಮಕ್ಕಳು ಚಿಕ್ಕವರಿರುವಾಗಲೇ ಯುದ್ಧದಲ್ಲಿ ಮಡಿದನು. ತಂದೆಯ ಬಾಕಿಯ ನೆಪದಲ್ಲಿ ದೊಡ್ಡಬಳ್ಳಾಪುರದಲ್ಲಿ ಆ ಮಕ್ಕಳಿಗೆ ಚಿತ್ರಹಿಂಸೆಯಾಯಿತು. ನಗಾರಿಯೊಳಗೆ ಕೂರಿಸಿ ಮೇಲೆ ಬಡಿದರೆಂದು ಚರಿತ್ರೆಕಾರರು ಬರೆಯುತ್ತಾರೆ. ಅಕ್ಷರಾಭ್ಯಾಸಕ್ಕೆ ಅಂಥ ಬಾಲ್ಯದಲ್ಲಿ ಎಡೆಯೆಲ್ಲಿ? ಕೊನೆಯವರೆಗೂ ಅವನು ತನ್ನ ಹೆಸರಿನ ಮೊದಲಕ್ಷರವೊಂದನ್ನೇ, ಅದನ್ನೂ ತಿರುವುಮುರುವಾಗಿ, ಗೀಚಿ ರುಜು ಹಾಕುತ್ತಿದ್ದನು. ಆದರೆ ಹಿಂದೂಸ್ತಾನಿಯಲ್ಲದೆ ಕನ್ನಡ, ತೆಲುಗು, ಮರಾಠಿ, ತಮಿಳುಗಳನ್ನು ನಿರರ್ಗಳವಾಗಿ ಆಡುತ್ತಿದ್ದನು. ಒಮ್ಮೆ ಕಿವಿಗೆ ಬಿದ್ದದ್ದು ಅವನ ನೆನಪಿನಿಂದ ಜಾರುತ್ತಿರಲಿಲ್ಲ.

1749ರಲ್ಲಿ ದೇವನಹಳ್ಳಿಯ ಮುತ್ತಿಗೆಯಲ್ಲಿ ಸರ್ವಾಧಿಕಾರಿ ನಂಜರಾಜಯ್ಯನ ಕಣ್ಣಿಗೆ ಬಿದ್ದ ಹೈದರನು ಕೆಲವೇ ವರ್ಷಗಳಲ್ಲಿ ದಿಂಡಿಗಲ್ಲಿನ ಫೌಜುದಾರನಾದನು. ಅಲ್ಲಿ ನಡೆದ ಒಂದು ಪ್ರಸಂಗವನ್ನು ವಿಲ್ಕ್ಸನು ಹೇಳುತ್ತಾನೆ. ಪಾಳೆಯಗಾರರೊಡನೆ ಆದ ಕಾಳಗದಲ್ಲಿ ಗಾಯಗೊಂಡವರು 67 ಮಂದಿ. ಅವರ ಉಪಚಾರದ ಹಣವನ್ನು ಲೆಕ್ಕ ಹಾಕಲು ಶ್ರೀರಂಗಪಟ್ಟಣದಿಂದ ಅಧಿಕಾರಿ ಬಂದಾಗ ಅವನಿಗೆ ಕಂಡದ್ದು ಅರಿಸಿನದ ಬಟ್ಟೆ ಸುತ್ತಿಕೊಂಡು ಮಲಗಿದ್ದ 700 ಮಂದಿ! ಹಣ ಸಂದಾಯವಾಯಿತು. ಇದನ್ನು ಓದಿ ನಗುವವರು ನಗಲಿ. ಸುಳ್ಳು ವರದಿಯು ರಾಜಧಾನಿಯನ್ನು ಹೇಗೆ ಕುರುಡುಮಾಡುತ್ತದೆಂಬುದನ್ನು ಹೈದರನು ಪುಸ್ತಕದಿಂದ ಕಲಿಯಲಿಲ್ಲ, ತಾನೇ ಮಾಡಿ ಕಲಿತನು. ಮುಂದೆ ತನ್ನ ಕೈಕೆಳಗಿನವರ ವರದಿಗಳನ್ನು ಅವನು ಅಷ್ಟು ಸಂಶಯದಿಂದ ಕೇಳಿದ್ದಕ್ಕೆ ಇದೂ ಒಂದು ಕಾರಣವಿರಬೇಕು.

1760ರಲ್ಲಿ ಅವನ ನೆಚ್ಚಿನ ಲೆಕ್ಕಿಗನಾಗಿದ್ದ ಖಂಡೇರಾಯನೇ ತಿರುಗಿಬಿದ್ದನು. ಸಂಸಾರವನ್ನೂ ಐಶ್ವರ್ಯವನ್ನೂ ಪಟ್ಟಣದಲ್ಲಿ ಬಿಟ್ಟು, ರಾತ್ರಿ ಕಾವೇರಿಯನ್ನು ದಾಟಿ, ಹೈದರನು ಬೆಂಗಳೂರಿಗೆ ಓಡಿದನು. ನಂಜನಗೂಡಿನ ಬಳಿಯ ಯುದ್ಧದಲ್ಲಿಯೂ ಸೋತನು. ಆಗ ಅವನು ಹಿಡಿದ ಆಯುಧ ಓಲೆ. ಖಂಡೇರಾಯನ ಸರದಾರರು ತಮ್ಮ ಒಡೆಯನನ್ನು ಹಿಡಿದುಕೊಡಲು ಒಪ್ಪಿರುವರೆಂಬ ಅರ್ಥದ ಪತ್ರಗಳನ್ನು ನಂಜರಾಜಯ್ಯನ ಮುದ್ರೆಯೊಡನೆ ಬರೆಸಿ, ಅವು ಖಂಡೇರಾಯನ ಕೈಗೇ ಸಿಕ್ಕುವಂತೆ ಏರ್ಪಡಿಸಿದನು. ಗೆದ್ದ ಸೇನಾಪತಿಯು ತನ್ನ ಸೇನೆಗೇ ಹೆದರಿ ಪಾಳೆಯದಿಂದ ಓಡಿಹೋದನು. 1761ರಲ್ಲಿ ಹೈದರನು ಮೈಸೂರಿನ ಒಡೆತನವನ್ನು ಕೈಗೆ ತೆಗೆದುಕೊಂಡನು. ತಂದೆ ಚಾಕರಿ ಮಾಡಿದ ಶಿರಾಕ್ಕೆ ಅದೇ ವರ್ಷ ನವಾಬನೆನಿಸಿದನು.

ಸುದ್ದಿಯ ಏರ್ಪಾಡನ್ನು ಅವನು ಬರಿಗೈಯಿಂದ ಕಟ್ಟಲಿಲ್ಲ. ಚಿಕ್ಕದೇವರಾಜ ಒಡೆಯರು (ಆಳ್ವಿಕೆ 1673-1704) ಸ್ಥಾಪಿಸಿದ ಅಂಚೆ ಆಗಲೇ ನಾಡಿನಲ್ಲಿ ಬೇರೂರಿತ್ತು. ಅದು ಕಾಗದ ಸಾಗಿಸುವ ವ್ಯವಸ್ಥೆ ಮಾತ್ರವಲ್ಲ, ಸುದ್ದಿ ಹೆಕ್ಕುವ ವ್ಯವಸ್ಥೆಯೂ ಹೌದು. ಅಂಚೆಯ ಅಧಿಕಾರಿಗಳು ಅರಮನೆಯ ಗುಪ್ತ ಕಣ್ಣುಗಳಾಗಿದ್ದರು. ಹೈದರನು ಅದನ್ನು ಹಿಗ್ಗಿಸಿ, ಬಿಗಿಗೊಳಿಸಿ, ದಂಡಿನ ಬಿಡಾರದವರೆಗೆ ಎಳೆದು ತಂದನು.

ಅವನ ಸೇವೆಯಲ್ಲಿದ್ದ ಮೈಸ್ತ್ರ್ ದ ಲಾ ತೂರ್ ಎಂಬ ಫ್ರೆಂಚನು ಈ ಚಾವಡಿಯನ್ನು ಕಣ್ಣಾರೆ ಕಂಡು ವರ್ಣಿಸಿದ್ದಾನೆ. ಬೆಳಿಗ್ಗೆ ಹೈದರನು ಎದ್ದೊಡನೆ ಹಿಂದಿನ ರಾತ್ರಿ ಕಾವಲಿದ್ದ ಸರದಾರರು ಬಂದು ವರದಿ ಒಪ್ಪಿಸಬೇಕು. ಹೊಸದಾಗಿ ಕಾವಲಿಗೆ ಹೋಗುವವರು ಅಲ್ಲಿಯೇ ಆಜ್ಞೆ ಪಡೆಯಬೇಕು. ಬಳಿಕ ಓಲಗ. ಮೂವತ್ತು ನಾಲ್ವತ್ತು ಮಂದಿ ಮುನ್ಷಿಗಳು ಸಾಲಾಗಿ ಕುಳಿತು ಬಿಡುವಿಲ್ಲದೆ ಬರೆಯುತ್ತಿರುವರು. ಗಳಿಗೆಗೊಬ್ಬ ಹರಿಕಾರನು ಸದ್ದುಗದ್ದಲದೊಡನೆ ಒಳಬಂದು ಓಲೆಯ ಕಟ್ಟನ್ನು ನವಾಬನ ಕಾಲಬಳಿ ಇಡುವನು. ಮುನ್ಷಿಯೊಬ್ಬನು ಮಂಡಿಯೂರಿ ಅದನ್ನು ಬಿಚ್ಚಿ ಓದುವನು. ಕೂಡಲೇ ಉತ್ತರ ಹೇಳಿಯಾಗುವುದು. ತೀರ ಮುಖ್ಯವಾದ ಆಜ್ಞೆಗಳಿಗೆ ಹೈದರನು ತನ್ನ ಬೆರಳಿನ ಮುದ್ರೆಯುಂಗುರವನ್ನೇ ಒತ್ತುವನು. ಕಟ್ಟಿನೊಡನೆ ಒಂದು ಚೀಟಿ ಹೋಗುವುದು. ಹೊರಟ ಹೊತ್ತು ಅದರಲ್ಲಿ ಬರೆದಿರುವುದು. ದಾರಿಯ ಒಂದೊಂದು ಠಾಣೆಯಲ್ಲಿಯೂ ತಲುಪಿದ ಹೊತ್ತನ್ನು ಗುರುತು ಹಾಕುವರು. ತಡಮಾಡಿದವನು ಯಾರೆಂದು ಆ ಚೀಟಿಯೇ ಸಾರುತ್ತಿತ್ತು.

ಇದರಲ್ಲಿ ನನ್ನನ್ನು ಬೆರಗುಗೊಳಿಸುವ ಸಂಗತಿ ಮತ್ತೊಂದು. ಈ ವ್ಯವಸ್ಥೆಯೆಲ್ಲವೂ ಅದನ್ನು ಬಳಸುವ ಮನುಷ್ಯನ ಅಳತೆಗೆ ಹೊಲಿದ ಅಂಗಿಯಂತಿದೆ. ಒಡೆಯನಿಗೆ ಕಣ್ಣೋದು ಇಲ್ಲ, ಕಿವಿಯೋದು ಉಂಟು. ಆದ್ದರಿಂದ ಎಲ್ಲವೂ ದನಿಯಾಗಿ ಬರಬೇಕು. ತುಂಬಿದ ಓಲಗದಲ್ಲಿ ಗಟ್ಟಿಯಾಗಿ ಓದಿದ್ದನ್ನು ಸುತ್ತಲಿನ ಹತ್ತು ಕಿವಿಗಳು ಕೇಳುತ್ತವೆ. ತಪ್ಪಾಗಿ ಓದುವ ಧೈರ್ಯ ಯಾವ ಮುನ್ಷಿಗೂ ಬಾರದು. ಅಕ್ಷರ ಬಲ್ಲ ಅರಸನಾಗಿದ್ದರೆ ಒಳಮನೆಯಲ್ಲಿ ಒಬ್ಬನೇ ಓದಿ ಎತ್ತಿಡುತ್ತಿದ್ದನೋ ಏನೋ. ಆದರೆ ಇದಕ್ಕೆ ಕರಾಳವಾದ ಮುಖವೂ ಇತ್ತು. ಶತ್ರುವಿನ ಪಾಳೆಯವನ್ನು ನೋಡಿದ ಕಣ್ಣೇ ಪ್ರಜೆಯ ಮನೆಯನ್ನೂ ನೋಡುತ್ತಿತ್ತು. ಅಧಿಕಾರಿಗಳು ಬೆನ್ನ ಮೇಲೆ ಚಾವಟಿಯ ಭಯ ಹೊತ್ತೇ ಕೆಲಸ ಮಾಡಿದರು. ಇದನ್ನು ಮರೆತು ಹೈದರನನ್ನು ಹೊಗಳುವುದು ನ್ಯಾಯವಲ್ಲ.

ಎಲ್ಲ ಎಳೆಗಳೂ ಒಂದೇ ತಲೆಗೆ ಕಟ್ಟಿದ್ದವು; ಆ ತಲೆ ಮಂಕಾದರೆ ಗತಿಯೇನು? 1771ರ ಮಾರ್ಚಿಯಲ್ಲಿ ಇದಕ್ಕೆ ಉತ್ತರ ಸಿಕ್ಕಿತು. ಮರಾಠರಿಗೆ ಸಿಕ್ಕದೆ ಮೇಲುಕೋಟೆಯಿಂದ ಶ್ರೀರಂಗಪಟ್ಟಣಕ್ಕೆ ರಾತ್ರಿಯಲ್ಲಿ ಸದ್ದಿಲ್ಲದೆ ಸರಿಯಬೇಕೆಂಬುದು ಯೋಜನೆ. ಕತ್ತಲೆಯಲ್ಲಿ ಒಂದು ಫಿರಂಗಿ ಹಾರಿಬಿಟ್ಟಿತು. ವಿಲ್ಕ್ಸನ ಪ್ರಕಾರ ಹೈದರನು ಆ ರಾತ್ರಿ ಕುಡಿದಿದ್ದನು. ಮಗ ಟಿಪ್ಪುವಿಗಾಗಿ ಮೇಲಿಂದ ಮೇಲೆ ಆಳು ಕಳುಹಿಸಿದರೂ ಕತ್ತಲಲ್ಲಿ ಅವನು ಸಿಕ್ಕಲಿಲ್ಲ. ಬೆಳಕು ಹರಿದು ಎದುರಿಗೆ ಬಂದಾಗ ತಂದೆ ಅವನನ್ನು ಹೊಡೆದನು. ಚಿನಕುರಳಿಯ ಬಳಿ ಸೈನ್ಯ ಚೆಲ್ಲಾಪಿಲ್ಲಿಯಾಯಿತು. ಯಾಸೀನ್ ಖಾನನೆಂಬ ಗಾಯಾಳು ಸರದಾರನು ತಾನೇ ಹೈದರನೆಂದು ಮರಾಠರನ್ನು ನಂಬಿಸಿದ್ದರಿಂದ ನಿಜವಾದ ಹೈದರನು ಕುದುರೆಯೇರಿ ಪಟ್ಟಣ ಸೇರಿದನು.

ಒಂಬತ್ತು ವರ್ಷಗಳ ತರುವಾಯ ಪೊಳ್ಳಿಲೂರಿನಲ್ಲಿ ಇದೇ ದೌರ್ಬಲ್ಯ ಎದುರಾಳಿಯ ಪಾಲಿಗೆ ಬಂದಿತು. 1780ರ ಆಗಸ್ಟಿನಲ್ಲಿ ಕರ್ನಲ್ ಬೈಲಿ ಉತ್ತರದಿಂದಲೂ ಸೇನಾಪತಿ ಮನ್ರೋ ಮದರಾಸಿನಿಂದಲೂ ಹೊರಟು ಕಂಚಿಯಲ್ಲಿ ಕೂಡಬೇಕೆಂದು ಇಂಗ್ಲಿಷರ ನಿಶ್ಚಯ. ಬೈಲಿ ಕೊರ್ತಲೈಯಾರ್ ನದಿಯ ದಡದಲ್ಲಿ ಒಂದು ರಾತ್ರಿ ತಂಗಿದನು. ನೀರು ಏರಿ ವಾರಕ್ಕೂ ಮಿಕ್ಕಿ ದಿನಗಳು ಕಳೆದವು. ಸೆಪ್ಟೆಂಬರ್ 6ರಂದು ಟಿಪ್ಪುವು ಪೆರಂಬಾಕದಲ್ಲಿ ಬೈಲಿಯನ್ನು ತಡೆದನು. ಅಲ್ಲಿಂದ ಕಂಚಿಗೆ ಹದಿನಾಲ್ಕೇ ಮೈಲಿ. ಫಿರಂಗಿಯ ಸದ್ದು ಮನ್ರೋವಿನ ಬಿಡಾರಕ್ಕೆ ಕೇಳಿಸುತ್ತಿತ್ತು. ಸುದ್ದಿ ಮಾತ್ರ ತಲುಪಲಿಲ್ಲ. ಇಬ್ಬರ ನಡುವೆ ನಿಂತಿದ್ದ ಹೈದರನಿಗೆ ಇಬ್ಬರ ಬಲಾಬಲವೂ ಗೊತ್ತಿತ್ತು. ಮನ್ರೋ ನೆರವಿಗೆ ಕಳುಹಿಸಿದ ದಳಕ್ಕೆ ದಾರಿ ತೋರಬೇಕಾಗಿದ್ದವರೇ ಹೈದರನ ಸಂಬಳ ತಿನ್ನುತ್ತಿದ್ದರು. ಆ ದಳದ ನಾಯಕ ಫ್ಲೆಚರನು ಸಂಶಯಪಟ್ಟು ಬೇರೆ ದಾರಿ ಹಿಡಿದದ್ದರಿಂದ ಬೈಲಿಯನ್ನು ಸೇರಿದನೆಂಬುದೂ ಸತ್ಯ, ಬೇಹುಗಾರಿಕೆಗೂ ಮಿತಿಯುಂಟಷ್ಟೆ. 10ನೆಯ ತಾರೀಖು ಬೈಲಿಯ ಮದ್ದಿನ ಬಂಡಿಗಳು ಸಿಡಿದು, ಅವನ ಸೈನ್ಯ ನಾಶವಾಗಿ, ಅವನು ಸೆರೆಯಾದನು. ಮನ್ರೋ ತನ್ನ ದೊಡ್ಡ ಫಿರಂಗಿಗಳನ್ನು ಕಂಚಿಯ ದೇವಸ್ಥಾನದ ಕೊಳದಲ್ಲಿ ಮುಳುಗಿಸಿ ಹಿಂದೆಗೆದನು.

ಹೈದರನ ಏರ್ಪಾಡಿಗೆ ಕೊನೆಯ ಪರೀಕ್ಷೆ ಬಂದದ್ದು ಅವನ ಸಾವಿನಲ್ಲಿ. ಬೆನ್ನುಹುಣ್ಣಿನಿಂದ ನರಳಿ, 1782ರ ಡಿಸೆಂಬರ್ 7ರಂದು, ಚಿತ್ತೂರಿನ ಬಳಿಯ ನರಸಿಂಗರಾಯನಪೇಟೆಯ ಪಾಳೆಯದಲ್ಲಿ ಅವನು ಕಣ್ಣುಮುಚ್ಚಿದನು. ಟಿಪ್ಪು ದೂರದ ಪಡುವಣ ಕರಾವಳಿಯಲ್ಲಿದ್ದನು. ಸಾವು ಬಯಲಾದರೆ ದಂಡು ಒಡೆಯುವುದು ಖಂಡಿತ. ಮಂತ್ರಿಗಳಾದ ಪೂರ್ಣಯ್ಯ ಮತ್ತು ಕೃಷ್ಣರಾಯರು ಬೇಕಾದ ಕೆಲವರಿಗೆ ಮಾತ್ರ ಸಂಗತಿಯನ್ನು ತಿಳಿಸಿದರು. ಶವವನ್ನು ಪೆಟ್ಟಿಗೆಯಲ್ಲಿರಿಸಿ, ಹೊನ್ನು ಸಾಗಿಸುವಂತೆ ಕಾವಲಿನೊಡನೆ ಕೋಲಾರಕ್ಕೆ ಕಳುಹಿಸಿಕೊಟ್ಟರು. ನವಾಬನಿಗೆ ಮೈ ಸರಿಯಿಲ್ಲವೆಂಬ ಮಾತನ್ನು ಉಳಿಸಿಕೊಂಡು ಅವನ ಹೆಸರಿನಲ್ಲಿಯೇ ಆಜ್ಞೆಗಳನ್ನು ಹೊರಡಿಸಿದರು. ಕಿರಿಯ ಮಗನನ್ನು ಪಟ್ಟಕ್ಕೇರಿಸಲು ಸಂಚು ಹೂಡಿದ ಮಹಮ್ಮದ್ ಅಮೀನನಿಗೆ ಸತ್ತ ಹೈದರನ ಅಪ್ಪಣೆಯಿಂದಲೇ ಬೇಡಿ ಬಿದ್ದಿತು. ಹರಿಕಾರರು ಘಟ್ಟ ದಾಟಿ ಓಡಿದರು. 11ನೆಯ ತಾರೀಖಿನ ಮಧ್ಯಾಹ್ನ ಸುದ್ದಿ ಟಿಪ್ಪುವಿನ ಕೈಯಲ್ಲಿತ್ತು. ಮರುದಿನ ಬೆಳಿಗ್ಗೆ ಅವನು ಹೊರಟಿದ್ದನು.

ಮದರಾಸಿಗೂ ಸುದ್ದಿ ಮುಟ್ಟದೆ ಇರಲಿಲ್ಲ. ಗವರ್ನರ್ ಮೆಕಾರ್ಟ್ನಿ ಕೂಡಲೇ ಮೇಲೆಬೀಳಬೇಕೆಂದು ಒತ್ತಾಯಪಡಿಸಿದನು. ಸೇನಾಪತಿ ಸ್ಟೂವರ್ಟನು ಹೈದರನು ಸತ್ತದ್ದನ್ನೇ ಶಂಕಿಸಿದನು, ದಂಡು ಅಣಿಯಾಗಿಲ್ಲವೆಂದನು. ಇಬ್ಬರ ನಡುವೆ ಓಲೆಗಳು ಓಡಾಡುತ್ತಿದ್ದಂತೆ ಡಿಸೆಂಬರ್ ಮುಗಿಯಿತು. 1783ರ ಜನವರಿ 2ರಂದು ಟಿಪ್ಪುವು ತಂದೆಯ ಪಾಳೆಯಕ್ಕೆ ಬಂದು, ಆಡಂಬರವಿಲ್ಲದೆ ಒಂದು ಸಾಧಾರಣ ಜಮಖಾನದ ಮೇಲೆ ಕುಳಿತು, ಸರದಾರರ ವರದಿಗಳನ್ನು ಕೇಳತೊಡಗಿದನು.