ಮಗ್ಗಕ್ಕೆ ನಿಲ್ಲುವುದನ್ನು ಕಲಿಸಿದ ಸಕಿಚಿ ಟೊಯೋಡ

ಟೊಯೊಟಾ ಎಂದೊಡನೆ ನೆನಪಾಗುವುದು ಕಾರು. ಆದರೆ ಆ ಹೆಸರಿಗೆ ಮೂಲನಾದ ವ್ಯಕ್ತಿ ಬದುಕಿನುದ್ದಕ್ಕೂ ಒಂದು ಕಾರನ್ನೂ ತಯಾರಿಸಿದವರಲ್ಲ. ಜಪಾನಿನ ಬಡಗಿಯೊಬ್ಬರ ಮಗನಾದ ಸಕಿಚಿ ಟೊಯೋಡ ತಯಾರಿಸಿದ್ದು ಮಗ್ಗಗಳನ್ನು. ಕೂಲಿಯ ವೆಚ್ಚ ಮತ್ತು ಯಂತ್ರದ ದುಡಿಮೆಯ ಕುರಿತು ಇಂದು ಎಲ್ಲೆಡೆ ನಡೆದಿರುವ ಚರ್ಚೆಯ ಒಂದು ಬೇರು ಆ ಮಗ್ಗಗಳಲ್ಲಿದೆ.

ಸಕಿಚಿ ಜನಿಸಿದ್ದು 1867ರ ಫೆಬ್ರವರಿ 14ರಂದು, ಇಂದು ಶಿಜುವೊಕಾ ಪ್ರಾಂತದ ಕೊಸಾಯ್ ನಗರಕ್ಕೆ ಸೇರಿರುವ ಒಂದು ಹಳ್ಳಿಯಲ್ಲಿ. ಆ ಸೀಮೆಯ ರೈತರ ಮನೆಗಳಲ್ಲಿ ಹೆಂಗಸರು ಹತ್ತಿಬಟ್ಟೆ ನೇಯುವುದು ವಾಡಿಕೆಯಾಗಿತ್ತು. ತಾಯಿಯೂ ನೇಯುತ್ತಿದ್ದರು. 1885ರಲ್ಲಿ ಜಪಾನ್ ಸರ್ಕಾರ ಪೇಟೆಂಟ್ ಕಾಯಿದೆ ತಂದಾಗ 18ರ ಹರೆಯದ ಸಕಿಚಿ ತಾನೂ ಏನನ್ನಾದರೂ ಆವಿಷ್ಕರಿಸಬೇಕೆಂದು ನಿಶ್ಚಯಿಸಿದರು. ಬಡಗಿ ಕೆಲಸ ಬಿಟ್ಟು ಮಗ್ಗ ಬಿಚ್ಚಿ ಜೋಡಿಸುತ್ತ ಕುಳಿತ ಹುಡುಗನನ್ನು ಕಂಡು ಊರವರು ಆಡಿಕೊಂಡರು. 1890ರಲ್ಲಿ ಟೋಕಿಯೊದ ಉಯೆನೊದಲ್ಲಿ ನಡೆದ ಕೈಗಾರಿಕಾ ಪ್ರದರ್ಶನಕ್ಕೆ ಹೋದ ಅವರು ದಿನವೂ ಯಂತ್ರಗಳ ಮುಂದೆ ನಿಂತು ಅವುಗಳ ಚಲನೆಯನ್ನು ಅಭ್ಯಸಿಸಿದರು.

ಅದೇ ವರ್ಷ ಅವರ ಮೊದಲ ಮಗ್ಗ ಸಿದ್ಧವಾಯಿತು. ಅದುವರೆಗೆ ಲಾಳಿ ಎಸೆಯಲು ಒಂದು ಕೈ, ಹೊಕ್ಕನ್ನು ಬಡಿದು ಕೂರಿಸಲು ಇನ್ನೊಂದು ಕೈ ಬೇಕಾಗುತ್ತಿತ್ತು. ಸಕಿಚಿಯವರ ಮರದ ಮಗ್ಗದಲ್ಲಿ ಒಂದೇ ಕೈಯಿಂದ ಎರಡೂ ಕೆಲಸ ನಡೆಯತೊಡಗಿದವು. ಉತ್ಪಾದನೆ ಶೇ 40ರಿಂದ 50ರಷ್ಟು ಹೆಚ್ಚಿತು. ಆದರೂ ಅದು ಕೈಮಗ್ಗವೇ. ನೇಯುವವರ ತೋಳಿನ ಶಕ್ತಿಯೇ ಅದರ ಮಿತಿ.

1896ರಲ್ಲಿ ಬಂದ, ಮರ ಮತ್ತು ಕಬ್ಬಿಣ ಬೆರೆಸಿ ಮಾಡಿದ ಹಬೆ ಚಾಲಿತ ಮಗ್ಗವು ಆ ಮಿತಿಯನ್ನು ದಾಟಿತು. ವಿದೇಶೀ ಮಗ್ಗಗಳಿಗಿಂತ ಅದು ಬಹಳ ಅಗ್ಗವಾಗಿತ್ತು. ಆದರೆ ಅದರ ನಿಜವಾದ ಹೆಚ್ಚುಗಾರಿಕೆ ಬೆಲೆಗಿಂತ ಮಿಗಿಲಾದ ಇನ್ನೊಂದು ಗುಣದಲ್ಲಿತ್ತು: ಹೊಕ್ಕಿನ ನೂಲು ತುಂಡಾದರೆ ಮಗ್ಗ ತಾನಾಗಿಯೇ ನಿಲ್ಲುತ್ತಿತ್ತು. ಸಾಮಾನ್ಯ ವಿದ್ಯುತ್ ಮಗ್ಗದ ಮುಂದೆ ನಿಂತವರಿಗೆ ಇದರ ಬೆಲೆ ಚೆನ್ನಾಗಿ ತಿಳಿದಿರುತ್ತದೆ. ನೂಲು ಹರಿದದ್ದು ಕಣ್ಣಿಗೆ ಬೀಳುವಷ್ಟರಲ್ಲಿ ಗೇಣುದ್ದ ಬಟ್ಟೆ ಹಾಳಾಗಿರುತ್ತದೆ. ಆದ್ದರಿಂದ ಮಾಲೀಕನು ಕೂಲಿ ಕೊಡುತ್ತಿದ್ದುದು ನೇಯ್ಗೆಗೆ ಮಾತ್ರವಲ್ಲ, ಎವೆಯಿಕ್ಕದೆ ಕಾಯುವ ಕಣ್ಣಿಗೂ ಹೌದು. ಸಕಿಚಿ ಮಗ್ಗದಿಂದ ಇಳಿಸಿದ್ದು ಈ ಕಾವಲಿನ ವೆಚ್ಚವನ್ನು.

ಲಾಳಿಯಲ್ಲಿನ ಕಂಡಿಕೆ ಮುಗಿದಾಗ ಮಗ್ಗ ನಿಲ್ಲಿಸಿ ಬದಲಿಸುವ ಕೆಲಸ ಮಾತ್ರ ಉಳಿದಿತ್ತು. ಅದನ್ನೂ ಯಂತ್ರಕ್ಕೇ ವಹಿಸುವ ಯತ್ನ 1903ರಲ್ಲೇ ಆರಂಭವಾಯಿತಾದರೂ ಕೈಗೂಡಲು ಎರಡು ದಶಕ ಹಿಡಿಯಿತು. ನಡುವೆ ವ್ಯಾಪಾರದ ಏರಿಳಿತಗಳು. 1907ರಲ್ಲಿ ಬಂಡವಾಳಗಾರರ ನೆರವಿನಿಂದ ಹುಟ್ಟಿದ ಮಗ್ಗದ ಕಂಪನಿಯಿಂದ 1910ರಲ್ಲಿ ಅವರೇ ಹೊರಬೀಳಬೇಕಾಯಿತು. ಮನನೊಂದು ಅಮೆರಿಕ, ಯುರೋಪ್ ಸುತ್ತಿ ಬಂದರು. ಹಿಂದಿರುಗಿ ನಗೋಯಾದಲ್ಲಿ ಸ್ವಂತ ಗಿರಣಿ ಸ್ಥಾಪಿಸಿದರು. ನೂಲು ಕೆಟ್ಟದ್ದಾದರೆ ಎಂಥ ಮಗ್ಗವೂ ಪದೇ ಪದೇ ನಿಲ್ಲುತ್ತದೆಂಬುದು ಮನವರಿಕೆಯಾಗಿ ನೂಲುವ ಉದ್ಯಮಕ್ಕೂ ಕೈಹಾಕಿದರು.

1924ರಲ್ಲಿ ಮಗ ಕಿಚಿರೊ ಅವರ ನೆರವಿನೊಂದಿಗೆ ಜಿ ಮಾದರಿಯ ಸ್ವಯಂಚಾಲಿತ ಮಗ್ಗ ಪೂರ್ಣಗೊಂಡಿತು. ಓಡುತ್ತಿರುವಾಗಲೇ ಅದು ಲಾಳಿ ಬದಲಿಸುತ್ತಿತ್ತು. ಹಾಸಿನ ಎಳೆ ತುಂಡಾದರೂ ನಿಲ್ಲುತ್ತಿತ್ತು. ಒಬ್ಬ ಕೆಲಸಗಾರ್ತಿ 30ರಿಂದ 50 ಮಗ್ಗಗಳನ್ನು ನೋಡಿಕೊಳ್ಳಬಹುದಾಯಿತು. ಇಂಗ್ಲೆಂಡಿನ ಲ್ಯಾಂಕಷೈರ್‌ನಲ್ಲಿ ಆಗ ಒಬ್ಬ ನೇಕಾರರಿಗೆ ಸಾಮಾನ್ಯವಾಗಿ ನಾಲ್ಕು ಮಗ್ಗಗಳಿದ್ದವು.

ಜಪಾನಿನ ಗಿರಣಿಗಳಲ್ಲಿ ದುಡಿಯುತ್ತಿದ್ದವರು ಬಹುಪಾಲು ಹಳ್ಳಿಯ ಹುಡುಗಿಯರು. ತಂದೆ ಪಡೆದ ಮುಂಗಡ ತೀರಿಸಲು ಗಿರಣಿಯ ವಸತಿಗೃಹಗಳಲ್ಲಿದ್ದು ಹಗಲು-ರಾತ್ರಿ ಪಾಳಿಗಳಲ್ಲಿ ದುಡಿದವರು ಅವರಲ್ಲಿ ಅನೇಕರು. 1929ರ ಜುಲೈನಿಂದ ಹೆಂಗಸರ ರಾತ್ರಿ ಪಾಳಿ ಕಾನೂನಿನಂತೆ ನಿಷಿದ್ಧವಾಯಿತು. ಕಡಿಮೆ ಗಂಟೆಗಳಲ್ಲಿ ಅಷ್ಟೇ ಬಟ್ಟೆ ತೆಗೆಯಬೇಕಾದ ಮಾಲೀಕರಿಗೆ ಹೊಸ ಮಗ್ಗ ವರವಾಗಿ ಕಂಡಿತು. 1933ರ ಹೊತ್ತಿಗೆ ಹತ್ತಿಬಟ್ಟೆಯ ರಫ್ತಿನಲ್ಲಿ ಜಪಾನ್ ಬ್ರಿಟನ್ನನ್ನು ಹಿಂದಿಕ್ಕಿತು. ಇದೆಲ್ಲ ಅಗ್ಗದ ಕೂಲಿಯ ಮಹಿಮೆ ಎಂಬ ಲ್ಯಾಂಕಷೈರ್ ಮಾಲೀಕರ ದೂರು ಅರ್ಧ ಸತ್ಯ ಮಾತ್ರ. ಕೂಲಿ ಅಗ್ಗವಾಗಿದ್ದುದು ನಿಜ, ಆದರೆ ಅಗ್ಗದ ಕೂಲಿಯನ್ನೂ ಉಳಿಸುವ ಯಂತ್ರವನ್ನು ಜಪಾನಿನವರು ಹುಡುಕಿಕೊಂಡಿದ್ದರು.

ಜಪಾನಿಗೆ ದಶಕಗಳ ಕಾಲ ಜವಳಿ ಯಂತ್ರ ಮಾರಿದ್ದ ಇಂಗ್ಲೆಂಡಿನ ಓಲ್ಡ್‌ಹ್ಯಾಂನ ಪ್ಲಾಟ್ ಬ್ರದರ್ಸ್ ಕಂಪನಿಯೇ 1929ರ ಡಿಸೆಂಬರ್‌ನಲ್ಲಿ ಈ ಮಗ್ಗದ ಹಕ್ಕನ್ನು ಒಂದು ಲಕ್ಷ ಪೌಂಡ್‌ಗೆ ಕೊಂಡಿತು. ಜಪಾನ್, ಚೀನಾ ಮತ್ತು ಅಮೆರಿಕ ಬಿಟ್ಟು ಉಳಿದೆಡೆ ತಯಾರಿಸಿ ಮಾರುವ ಹಕ್ಕು ಅದರದಾಯಿತು. ಆದರೆ ಲ್ಯಾಂಕಷೈರ್‌ನ ನೆಲ ಬೇರೆಯಾಗಿತ್ತು. ನೇಕಾರರಿಗೆ ನಾಲ್ಕರ ಬದಲು ಎಂಟು ಮಗ್ಗ ವಹಿಸುವ ಯತ್ನಕ್ಕೇ 1931ರಲ್ಲಿ ಸಂಘಗಳು ಪ್ರತಿಭಟಿಸಿ ಲಾಕೌಟ್ ಆಯಿತು. ಅರ್ಧದಷ್ಟು ಜನ ಕೆಲಸ ಕಳೆದುಕೊಳ್ಳುವರೆಂಬ ಅವರ ಭಯ ಆಧಾರವಿಲ್ಲದ್ದಲ್ಲ.

ಸಕಿಚಿ ಇದನ್ನು ನೋಡಲಿಲ್ಲ. 1930ರ ಅಕ್ಟೋಬರ್ 30ರಂದು, 63ನೆಯ ವಯಸ್ಸಿನಲ್ಲಿ ಅವರು ನಿಧನರಾದರು. ಪ್ಲಾಟ್ ಕಂಪನಿಯ ಹಣವೇ ಕಿಚಿರೊ ಅವರ ಕಾರು ಪ್ರಯೋಗಗಳಿಗೆ ಮೂಲಧನವಾಯಿತೆಂಬುದು ಟೊಯೊಟಾ ವಲಯದಲ್ಲಿ ಹೇಳಿಕೊಂಡು ಬಂದ ಮಾತು. ಟೊಯೊಟಾ ಮೋಟಾರ್ ಕಂಪನಿ ಸ್ಥಾಪನೆಯಾದದ್ದು 1937ರಲ್ಲಿ.

ತಪ್ಪು ಕಂಡೊಡನೆ ನಿಲ್ಲುವ ಮಗ್ಗದ ಗುಣ ಕಾರಿನ ಕಾರ್ಖಾನೆಗೂ ಸಾಗಿಬಂದಿತು. ದೋಷ ಕಂಡ ಕೆಲಸಗಾರನು ಹಗ್ಗ ಎಳೆದು ಜೋಡಣೆಯ ಸಾಲನ್ನೇ ನಿಲ್ಲಿಸಬಹುದು. ಇದನ್ನು ಅಲ್ಲಿ ಜಿದೋಕಾ ಎನ್ನುತ್ತಾರೆ. ಬರೆಯುವಾಗ ಯಾಂತ್ರೀಕರಣ ಎಂಬ ಪದದ ಒಂದು ಅಕ್ಷರಕ್ಕೆ ಮನುಷ್ಯನನ್ನು ಸೂಚಿಸುವ ಚಿಹ್ನೆ ಸೇರಿಸುತ್ತಾರೆ. 1999ರ ಡಿಸೆಂಬರ್‌ನಲ್ಲಿ ಬಿಡದಿಯಲ್ಲಿ ಉತ್ಪಾದನೆ ಆರಂಭವಾದಾಗ ಈ ಪದ್ಧತಿ ಕರ್ನಾಟಕಕ್ಕೂ ಬಂದಿತು. ಒಬ್ಬರಿಗೆ ಎಷ್ಟು ಕೆಲಸ ಎಂಬ ಹಳೆಯ ಪ್ರಶ್ನೆಯೂ ಜೊತೆಗೇ ಬಂದಿತು. 2020ರ ನವೆಂಬರ್‌ನಲ್ಲಿ ಅಲ್ಲಿ ಲಾಕೌಟ್ ಘೋಷಣೆಯಾದಾಗ ಕಾರ್ಮಿಕ ಸಂಘದ ಆಕ್ಷೇಪಗಳಲ್ಲಿ ಕೆಲಸದ ಹೊರೆಯೂ ಒಂದಾಗಿತ್ತು. ಆ ಮುಷ್ಕರ ಕೊನೆಗೊಂಡದ್ದು 2021ರ ಮಾರ್ಚ್‌ನಲ್ಲಿ.