ನೇಪಲ್ಸಿನ ವೈದ್ಯ, ಸಂತ ಜುಸೆಪ್ಪೆ ಮೊಸ್ಕಾತಿ

ನವೆಂಬರ್ 16ರಂದು ಧರ್ಮಸಭೆಯು ಸಂತ ಜುಸೆಪ್ಪೆ ಮೊಸ್ಕಾತಿಯವರ ಹಬ್ಬವನ್ನು ಆಚರಿಸುತ್ತದೆ. ವೈದ್ಯರು, ದಾದಿಯರು, ಲ್ಯಾಬ್ ತಂತ್ರಜ್ಞರು ಇಲ್ಲದ ಧರ್ಮಕೇಂದ್ರ ನಮ್ಮ ಕರಾವಳಿಯಲ್ಲಿ ಸಿಗುವುದು ಅಪರೂಪ. ಆದರೂ ಸಂತ ಅಂತೋನಿಯವರ ಅಥವಾ ಸಂತ ಲಾರೆನ್ಸರ ಹೆಸರಿನಷ್ಟು ಈ ವೈದ್ಯ ಸಂತರ ಹೆಸರು ನಮ್ಮಲ್ಲಿ ಕೇಳಿಬರುವುದಿಲ್ಲ. ಇವರು ಗುರುಗಳೂ ಅಲ್ಲ, ಸನ್ಯಾಸಿಗಳೂ ಅಲ್ಲ. ವಿಶ್ವವಿದ್ಯಾನಿಲಯದ ಪ್ರಯೋಗಶಾಲೆಯಲ್ಲಿ ದುಡಿದ, ಆಸ್ಪತ್ರೆಯ ವಾರ್ಡಿನಲ್ಲಿ ವಿದ್ಯಾರ್ಥಿಗಳಿಗೆ ಪಾಠ ಹೇಳಿದ ಒಬ್ಬ ಶ್ರೀಸಾಮಾನ್ಯ ಕ್ರೈಸ್ತ. ಅವರು ಬಡವರಿಗೆ ಉಚಿತ ಚಿಕಿತ್ಸೆ ನೀಡಿದರೆಂದು ಹೇಳಿ ನಾವು ಕಥೆಯನ್ನು ಮುಗಿಸಿಬಿಡುವುದುಂಟು. ಅದು ಸತ್ಯವೇ, ಆದರೆ ಅರ್ಧ ಸತ್ಯ. ಇನ್ನರ್ಧ ಅವರ ಪ್ರಯೋಗಶಾಲೆಯಲ್ಲಿದೆ.

ಜುಸೆಪ್ಪೆ ಹುಟ್ಟಿದ್ದು 1880ರ ಜುಲೈ 25ರಂದು, ಇಟಲಿಯ ಬೆನೆವೆಂತೊ ಪಟ್ಟಣದಲ್ಲಿ. ಒಂಬತ್ತು ಮಕ್ಕಳಲ್ಲಿ ಏಳನೆಯವರು. ತಂದೆ ಫ್ರಾಂಚೆಸ್ಕೊ ನ್ಯಾಯಾಧೀಶರು, ತಾಯಿ ರೋಸಾ ದೆ ಲೂಕಾ. ತಂದೆಯವರ ವರ್ಗಾವಣೆಯ ಜೊತೆಗೆ ಕುಟುಂಬ ಊರೂರು ತಿರುಗಿ ಕೊನೆಗೆ ನೇಪಲ್ಸಿನಲ್ಲಿ ನೆಲೆಸಿತು. ಕಾನೂನು ಓದಿದವರ ಮನೆಯಲ್ಲಿ ಈ ಹುಡುಗ ವೈದ್ಯಕೀಯ ಆರಿಸಿಕೊಂಡದ್ದು ಹೇಗೆ? ಅಣ್ಣ ಅಲ್ಬೆರ್ತೊ ಸೈನ್ಯದಲ್ಲಿ ಅಧಿಕಾರಿಯಾಗಿದ್ದರು. ಕವಾಯತಿನ ವೇಳೆ ಕುದುರೆಯಿಂದ ಬಿದ್ದು ತಲೆಗೆ ಪೆಟ್ಟಾಯಿತು, ಅಂದಿನಿಂದ ಮೂರ್ಛೆರೋಗ ಅವರನ್ನು ಬಿಡಲಿಲ್ಲ. ತಮ್ಮ ಜುಸೆಪ್ಪೆ ಅಣ್ಣನ ಹಾಸಿಗೆಯ ಬಳಿ ವರ್ಷಗಟ್ಟಲೆ ಕುಳಿತರು. ವೈದ್ಯನಾಗುವ ಆಸೆ ಅಲ್ಲಿಯೇ ಹುಟ್ಟಿತೆಂದು ಅವರ ಜೀವನ ಚರಿತ್ರೆ ಬರೆದವರು ನಂಬುತ್ತಾರೆ. 1897ರಲ್ಲಿ ನೇಪಲ್ಸ್ ವಿಶ್ವವಿದ್ಯಾನಿಲಯದ ವೈದ್ಯಕೀಯ ವಿಭಾಗಕ್ಕೆ ಸೇರಿದರು. ಅದೇ ವರ್ಷದ ಕೊನೆಗೆ ತಂದೆ ಮೆದುಳಿನ ರಕ್ತಸ್ರಾವದಿಂದ ತೀರಿಕೊಂಡರು.

ಆ ಕಾಲದ ವೈದ್ಯಕೀಯ ವಿಭಾಗದ ವಾತಾವರಣವನ್ನು ಇಲ್ಲಿ ಹೇಳಬೇಕು. ಕಣ್ಣಿಗೆ ಕಂಡದ್ದು, ತಕ್ಕಡಿಯಲ್ಲಿ ತೂಗಿದ್ದು ಮಾತ್ರ ನಿಜವೆಂಬ ವಾದ ಅಲ್ಲಿ ಬಲವಾಗಿತ್ತು. ಬಲಿಪೂಜೆಗೆ ಹೋಗುವ ವಿದ್ಯಾರ್ಥಿಯನ್ನು ಕಂಡು ನಗುವವರೇ ಹೆಚ್ಚು. ಜುಸೆಪ್ಪೆ ವಾದಕ್ಕೆ ನಿಲ್ಲಲಿಲ್ಲ. ಬೆಳಿಗ್ಗೆ ಪರಮಪ್ರಸಾದ ಸ್ವೀಕರಿಸಿ ಪ್ರಯೋಗಶಾಲೆಗೆ ಹೋದರು. ಅಲ್ಲಿ ನಗುವವರಿಗಿಂತ ಹೆಚ್ಚು ನಿಖರವಾಗಿ ತೂಗಿದರು, ಅಳೆದರು. 1903ರ ಆಗಸ್ಟ್ 4ರಂದು ಅತ್ಯುನ್ನತ ದರ್ಜೆಯಲ್ಲಿ ಪದವಿ ಪಡೆದರು. ಪ್ರಬಂಧದ ವಿಷಯ, ಪಿತ್ತಜನಕಾಂಗದಲ್ಲಿ ಯೂರಿಯಾ ಉತ್ಪತ್ತಿಯಾಗುವ ಬಗೆ. ನಾವು ತಿಂದ ಮಾಂಸ, ಬೇಳೆಗಳ ಸಸಾರಜನಕ ದೇಹದಲ್ಲಿ ಅಮೋನಿಯಾ ಆಗುತ್ತದೆ. ಅದು ವಿಷ. ಪಿತ್ತಜನಕಾಂಗ ಅದನ್ನು ಅಷ್ಟೇನೂ ಅಪಾಯವಿಲ್ಲದ ಯೂರಿಯಾ ಆಗಿ ಮಾರ್ಪಡಿಸುತ್ತದೆ, ಮೂತ್ರಪಿಂಡ ಅದನ್ನು ಹೊರಹಾಕುತ್ತದೆ. ಇಂದು ನಮ್ಮ ಊರಿನ ಲ್ಯಾಬಿನಲ್ಲಿ ರಕ್ತ ಕೊಟ್ಟರೆ ಬರುವ ಚೀಟಿಯಲ್ಲಿ ಬ್ಲಡ್ ಯೂರಿಯಾ ಎಂಬ ಸಾಲು ಇರುತ್ತದಲ್ಲ, ಅದರ ಹಿಂದಿನ ರಸಾಯನಶಾಸ್ತ್ರವಿದು.

ಪದವಿಯಾದ ವರ್ಷವೇ ಅವರು ಸ್ಪರ್ಧಾ ಪರೀಕ್ಷೆಯಲ್ಲಿ ಗೆದ್ದು ನೇಪಲ್ಸಿನ ಇನ್‌ಕುರಾಬಿಲಿ ಆಸ್ಪತ್ರೆಗೆ ಸೇರಿದರು. ಆ ಹೆಸರಿನ ಅರ್ಥ ಗುಣವಾಗದವರು ಎಂದು. 1522ರಲ್ಲಿ ಮರಿಯಾ ಲೊರೆಂಜಾ ಲೊಂಗೊ ಎಂಬ ವಿಧವೆ, ಬೇರೆಲ್ಲಿಯೂ ಜಾಗ ಸಿಗದ ರೋಗಿಗಳಿಗಾಗಿ ಕಟ್ಟಿಸಿದ ಆಸ್ಪತ್ರೆ. (ಈ ತಾಯಿಯನ್ನು 2021ರಲ್ಲಿ ಪುನೀತೆ ಎಂದು ಘೋಷಿಸಲಾಯಿತು.) ನಾಲ್ಕು ಶತಮಾನಗಳ ಬಳಿಕ ಅದು ಬಡವರ ಆಸ್ಪತ್ರೆಯೂ ಹೌದು, ವೈದ್ಯ ವಿದ್ಯಾರ್ಥಿಗಳ ಶಾಲೆಯೂ ಹೌದು.

ನೇಪಲ್ಸಿನ ವೈದ್ಯರಿಗೆ ಸಕ್ಕರೆ ಕಾಯಿಲೆಯ ಅಧ್ಯಯನ ಮೊದಲಿನಿಂದಲೂ ಹತ್ತಿರದ ವಿಷಯವಾಗಿತ್ತು. ಮೊಸ್ಕಾತಿಯವರಿಗಿಂತ ಒಂದು ತಲೆಮಾರು ಮುಂಚೆ ಅಲ್ಲಿ ಪ್ರಾಧ್ಯಾಪಕರಾಗಿದ್ದ ಅರ್ನಾಲ್ದೊ ಕಂತಾನಿ, ರೋಗಿಗಳ ಮೂತ್ರದಲ್ಲಿ ಸಕ್ಕರೆ ಇಲ್ಲವಾಗುವ ತನಕ ಕಠಿಣ ಪಥ್ಯ ಹಾಕುತ್ತಿದ್ದರು. ಕದ್ದು ತಿನ್ನಬಾರದೆಂದು ಅವರನ್ನು ಕೋಣೆಯಲ್ಲಿ ಕೂಡಿಹಾಕಿ ಬೀಗ ಜಡಿಯುತ್ತಿದ್ದರಂತೆ! ಈ ರೋಗದಲ್ಲಿ ಮೂತ್ರಪಿಂಡದ ಸೂಕ್ಷ್ಮ ನಾಳಗಳಲ್ಲಿ ಆಗುವ ಬದಲಾವಣೆಯನ್ನು ಗುರುತಿಸಿದವರು ಅದೇ ನಗರದ ಲೂಚಿಯಾನೊ ಅರ್ಮಾನಿ. ಇಂದಿಗೂ ರೋಗಶಾಸ್ತ್ರದ ಪುಸ್ತಕಗಳಲ್ಲಿ ಆ ಬದಲಾವಣೆಗೆ ಅರ್ಮಾನಿಯವರ ಹೆಸರಿದೆ. ಇಷ್ಟೆಲ್ಲ ಗೊತ್ತಿದ್ದರೂ ಔಷಧಿ ಮಾತ್ರ ಇರಲಿಲ್ಲ. 1908ರಿಂದ ಶರೀರ ರಸಾಯನಶಾಸ್ತ್ರ ವಿಭಾಗದಲ್ಲಿ ಸಹಾಯಕರಾಗಿ ದುಡಿದ ಮೊಸ್ಕಾತಿ ಆರಿಸಿಕೊಂಡ ವಿಷಯಗಳಲ್ಲಿ ಗ್ಲೈಕೋಜನ್ ಒಂದು. ದೇಹವು ಸಕ್ಕರೆಯನ್ನು ಪಿತ್ತಜನಕಾಂಗದಲ್ಲಿ ಕೂಡಿಡುವ ರೂಪ ಅದು. ಊಟವಾದಾಗ ಕಣಜಕ್ಕೆ ಸುರಿದು, ಹಸಿವಾದಾಗ ಹೊರತೆಗೆದಂತೆ.

ಅದಕ್ಕೂ ಮುಂಚಿನ ಒಂದು ಘಟನೆ. 1906ರ ಏಪ್ರಿಲಿನಲ್ಲಿ ವೆಸೂವಿಯಸ್ ಜ್ವಾಲಾಮುಖಿ ಬೂದಿ ಉಗುಳತೊಡಗಿತು. ಬೆಟ್ಟದ ಬುಡದ ತೊರ್ರೆ ದೆಲ್ ಗ್ರೇಕೊ ಊರಿನಲ್ಲಿ ಇನ್‌ಕುರಾಬಿಲಿಯ ಒಂದು ಶಾಖೆಯಿತ್ತು. ಅಲ್ಲಿದ್ದವರು ಹೆಚ್ಚಾಗಿ ವೃದ್ಧರು, ಪಾರ್ಶ್ವವಾಯು ಪೀಡಿತರು. ಮೊಸ್ಕಾತಿ ಅಲ್ಲಿಗೆ ಧಾವಿಸಿ ಒಬ್ಬೊಬ್ಬರನ್ನಾಗಿ ಹೊರಗೆ ಸಾಗಿಸಿದರು. ಕೊನೆಯ ರೋಗಿ ಹೊರಬಂದ ಸ್ವಲ್ಪ ಹೊತ್ತಿಗೆ ಬೂದಿಯ ಭಾರಕ್ಕೆ ಮಾಡು ಕುಸಿಯಿತು. ಬಳಿಕ ಅವರು ಮೇಲಧಿಕಾರಿಗಳಿಗೆ ಪತ್ರ ಬರೆದು, ನೆರವಾದ ಸಿಬ್ಬಂದಿಗೆ ಕೃತಜ್ಞತೆ ಸಲ್ಲಬೇಕೆಂದು ಕೋರಿದರು. ತಮ್ಮ ಹೆಸರು ಮಾತ್ರ ಬರಬಾರದೆಂದರು.

1911ರಲ್ಲಿ ನೇಪಲ್ಸಿಗೆ ಕಾಲರಾ ಬಂತು. ವ್ಯಾಪಾರಕ್ಕೂ ಹಡಗು ಸಂಚಾರಕ್ಕೂ ಪೆಟ್ಟು ಬೀಳುತ್ತದೆಂದು ಇಟಲಿಯ ಸರಕಾರ ಸಾಂಕ್ರಾಮಿಕವನ್ನು ಮುಚ್ಚಿಡಲು ಯತ್ನಿಸಿತ್ತೆಂಬುದು ಈಗ ಇತಿಹಾಸಕಾರರಿಗೆ ಗೊತ್ತಿರುವ ಸಂಗತಿ. ಮೊಸ್ಕಾತಿ ಸಾರ್ವಜನಿಕ ಆರೋಗ್ಯ ಪ್ರಯೋಗಶಾಲೆಯಲ್ಲಿ ರೋಗದ ಮೂಲದ ಸಂಶೋಧನೆಗೆ ನಿಂತರು. ನಗರ ನೈರ್ಮಲ್ಯಕ್ಕೆ ಏನೇನು ಕಾಮಗಾರಿ ಬೇಕೆಂದು ವರದಿ ಕೊಟ್ಟರು. ಅದೇ ವರ್ಷ ಅವರಿಗೆ ಶರೀರ ರಸಾಯನಶಾಸ್ತ್ರವನ್ನು ಬೋಧಿಸುವ ಅರ್ಹತೆ ದೊರಕಿತು. ನೇಪಲ್ಸಿನ ಹಿರಿಯ ವೈದ್ಯ ಅಂತೋನಿಯೊ ಕಾರ್ದರೆಲ್ಲಿ ಈ ತರುಣನ ರೋಗನಿರ್ಣಯ ಶಕ್ತಿಯನ್ನು ಕಂಡು ಮೆಚ್ಚಿದ್ದರು. ಮುಂದೆ ಆ ಗುರುವೇ ತಮ್ಮ ಕಾಯಿಲೆಯಲ್ಲಿ ಶಿಷ್ಯನನ್ನು ಕರೆಸಿಕೊಂಡರು.

1914ರ ನವೆಂಬರಿನಲ್ಲಿ ತಾಯಿ ರೋಸಾ ತೀರಿಕೊಂಡರು. ಕಾರಣ ಸಕ್ಕರೆ ಕಾಯಿಲೆ.

ನಾವು ಈ ಸಾಲಿನಲ್ಲಿ ಸ್ವಲ್ಪ ನಿಲ್ಲಬೇಕು. ಸಕ್ಕರೆ ದೇಹದಲ್ಲಿ ಹೇಗೆ ಕೂಡುತ್ತದೆ, ಹೇಗೆ ಕರಗುತ್ತದೆ ಎಂದು ಪ್ರಯೋಗಶಾಲೆಯಲ್ಲಿ ವರ್ಷಗಟ್ಟಲೆ ಅಳೆದ ಮಗ. ಹೆತ್ತ ತಾಯಿ ಅದೇ ರೋಗದಿಂದ ಕ್ಷೀಣಿಸುವುದನ್ನು ನೋಡುತ್ತಿದ್ದರೂ ಪಥ್ಯದ ಹೊರತು ಕೊಡಲು ಅವರ ಕೈಯಲ್ಲಿ ಏನೂ ಇರಲಿಲ್ಲ. ಜ್ಞಾನವಿದ್ದು ಔಷಧಿಯಿಲ್ಲದ ಆ ಸ್ಥಿತಿಯನ್ನು ಆಸ್ಪತ್ರೆಗಳಲ್ಲಿ ದುಡಿಯುವ ನಮ್ಮ ಓದುಗರು ಬಲ್ಲರು.

ಮರುವರ್ಷ ಇಟಲಿ ಮಹಾಯುದ್ಧಕ್ಕೆ ಇಳಿಯಿತು. ಸೈನ್ಯಕ್ಕೆ ಸೇರಲು ಮೊಸ್ಕಾತಿ ಅರ್ಜಿ ಹಾಕಿದರು, ಅದು ತಿರಸ್ಕೃತವಾಯಿತು. ಬದಲಾಗಿ ಗಾಯಾಳುಗಳೇ ಅವರ ಬಳಿಗೆ ಬಂದರು. ಸುಮಾರು 3,000 ಸೈನಿಕರಿಗೆ ಅವರು ಆರೈಕೆ ಮಾಡಿ, ಅವರವರ ಕಾಯಿಲೆಯ ವಿವರಗಳನ್ನು ದಾಖಲಿಸಿಟ್ಟರು.

ಈ ದಿನಗಳಲ್ಲಿಯೇ ಅವರ ಮುಂದೆ ಎರಡು ದಾರಿಗಳಿದ್ದವು. ಒಂದು ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಪೀಠ. ಪ್ರಕಟಿತ ಸಂಶೋಧನೆಗಳಿದ್ದವು, ಅರ್ಹತೆಯಿತ್ತು, ಹಿರಿಯರ ಬೆಂಬಲವಿತ್ತು. ಇನ್ನೊಂದು ಇನ್‌ಕುರಾಬಿಲಿಯ ವಾರ್ಡು. ಪೀಠವನ್ನು ಒಪ್ಪಿಕೊಂಡರೆ ಆಸ್ಪತ್ರೆಯ ಕೆಲಸಕ್ಕೆ ಸಮಯ ಉಳಿಯುತ್ತಿರಲಿಲ್ಲ. 1917ರಲ್ಲಿ ಅವರು ಪೀಠದ ಆಸೆಯನ್ನು ಬಿಟ್ಟುಕೊಟ್ಟರು. 1919ರಲ್ಲಿ ಪುರುಷರ ಮೂರನೆಯ ವಾರ್ಡಿನ ಮುಖ್ಯಸ್ಥರಾದರು. ಸಂತರು ಪದವಿಯನ್ನು ತ್ಯಜಿಸಿದರೆಂದು ಇದನ್ನು ಹೊಗಳಿ ಮುಂದೆ ಸಾಗುವುದು ಸುಲಭ. ಆದರೆ ಅವರು ವಿಜ್ಞಾನವನ್ನು ತ್ಯಜಿಸಲಿಲ್ಲ ಎಂಬುದನ್ನು ಗಮನಿಸಬೇಕು. ಪ್ರಯೋಗಶಾಲೆಯ ಅಭ್ಯಾಸವನ್ನು ಹಾಗೆಯೇ ವಾರ್ಡಿಗೆ ತಂದರು. ವಿದ್ಯಾರ್ಥಿಗಳನ್ನು ಹಾಸಿಗೆಯ ಸುತ್ತ ನಿಲ್ಲಿಸಿಕೊಂಡು ನಾಡಿ, ಉಸಿರು, ಮೂತ್ರ, ರಕ್ತ ಎಲ್ಲವನ್ನೂ ಕೂಡಿಸಿ ಓದಲು ಕಲಿಸಿದರು. ರೋಗಿ ಒಂದು ಕೇಸು ಅಲ್ಲ, ಆತ್ಮವುಳ್ಳ ಮನುಷ್ಯ ಎಂಬುದೂ ಆ ಪಾಠದಲ್ಲಿಯೇ ಸೇರಿತ್ತು. ಶವಪರೀಕ್ಷೆಯ ಹೊಣೆ ಅವರಿಗೆ ಬಂದಾಗ ಆ ಕೊಠಡಿಯ ಗೋಡೆಗೆ ಶಿಲುಬೆಯನ್ನು ತೂಗುಹಾಕಿಸಿದರು. ದೇವರ ಹೆಸರೆತ್ತಲು ಜನ ಹಿಂಜರಿಯುತ್ತಿದ್ದ ವಿದ್ಯಾಲಯದಲ್ಲಿ ಇದಕ್ಕೆ ಧೈರ್ಯ ಬೇಕಿತ್ತು.

ತಾಯಿ ತೀರಿಕೊಂಡು ಏಳು ವರ್ಷಗಳಾದ ಮೇಲೆ, 1922ರ ಜನವರಿಯಲ್ಲಿ, ಕೆನಡಾದ ಟೊರಾಂಟೊ ನಗರದ ಆಸ್ಪತ್ರೆಯಲ್ಲಿ 14 ವರ್ಷದ ಬಾಲಕನೊಬ್ಬನಿಗೆ ಮೊದಲ ಬಾರಿ ಇನ್ಸುಲಿನ್ ಚುಚ್ಚಿದರು. ಮೊದಲ ಚುಚ್ಚುಮದ್ದು ಅಷ್ಟು ಶುದ್ಧವಾಗಿರಲಿಲ್ಲ, ಫಲ ಕೊಡಲಿಲ್ಲ. ಕೆಲವೇ ದಿನಗಳಲ್ಲಿ ಶುದ್ಧಗೊಳಿಸಿ ಮತ್ತೆ ಕೊಟ್ಟಾಗ ಹುಡುಗ ಚೇತರಿಸಿಕೊಂಡ. ಮೇದೋಜೀರಕ ಗ್ರಂಥಿಯಿಂದ ತೆಗೆದ ಈ ರಸ, ಉಪವಾಸದಿಂದ ಸಾಯುತ್ತಿದ್ದ ಮಕ್ಕಳನ್ನು ಎಬ್ಬಿಸಿ ಕೂರಿಸಿತು. 1923ರ ಜುಲೈಯಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೊದಲ್ಲಿ ಶರೀರಶಾಸ್ತ್ರಜ್ಞರ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಮೊಸ್ಕಾತಿ ಅಲ್ಲಿಗೆ ಹೋದರು. ಅದೇ ವರ್ಷ ಬ್ಯಾಂಟಿಂಗ್ ಮತ್ತು ಮೆಕ್ಲಿಯೋಡ್ ಅವರಿಗೆ ಇನ್ಸುಲಿನ್ ಸಂಶೋಧನೆಗಾಗಿ ನೊಬೆಲ್ ಪ್ರಶಸ್ತಿ ಬಂತು. ನೇಪಲ್ಸಿನಲ್ಲಿ ಇನ್ಸುಲಿನ್ ಚಿಕಿತ್ಸೆಯನ್ನು ಬಳಕೆಗೆ ತಂದ ಮೊದಲಿಗರಲ್ಲಿ ಮೊಸ್ಕಾತಿ ಒಬ್ಬರು. ತಾವು ಬಳಸಿದ್ದಷ್ಟೇ ಅಲ್ಲ, ಇತರ ವೈದ್ಯರಿಗೂ ಕಲಿಸಿದರು. ಮೊದಲ ಬಾರಿ ಆ ಔಷಧಿಯನ್ನು ಕೈಯಲ್ಲಿ ಹಿಡಿದಾಗ ಅವರಿಗೆ ಯಾರ ನೆನಪಾಗಿರಬಹುದೆಂದು ನಾವು ಊಹಿಸಬಲ್ಲೆವು.

ಅವರು ಮದುವೆಯಾಗಲಿಲ್ಲ. ಅಕ್ಕ ನೀನಾ ಮನೆ ನೋಡಿಕೊಂಡರು. ಮಧ್ಯಾಹ್ನದ ಬಳಿಕ ಮನೆಯಲ್ಲಿ ರೋಗಿಗಳನ್ನು ನೋಡುತ್ತಿದ್ದರು. ಕಾಯುವ ಕೋಣೆಯಲ್ಲಿ ಒಂದು ಟೋಪಿ ಇರುತ್ತಿತ್ತು. ಉಳ್ಳವರು ಅದರಲ್ಲಿ ಹಣ ಹಾಕಬಹುದು, ಇಲ್ಲದವರು ಅದರಿಂದ ತೆಗೆದುಕೊಳ್ಳಬಹುದು. ತೀರಾ ಬಡವರಾದರೆ ಔಷಧಿ ಚೀಟಿಯೊಳಗೆ ನೋಟು ಮಡಚಿಟ್ಟು ಕೊಡುತ್ತಿದ್ದರು. ದೊಡ್ಡವರೂ ಬರುತ್ತಿದ್ದರು. ಪೊಂಪೆಯ ಜಪಸರ ಮಾತೆಯ ದೇವಾಲಯವನ್ನು ಕಟ್ಟಿಸಿದ ಬಾರ್ತೊಲೊ ಲೊಂಗೊ ಅವರ ಕೊನೆಯ ದಿನಗಳಲ್ಲಿ ಚಿಕಿತ್ಸೆ ನೀಡಿದವರು ಇವರೇ. ಆ ರೋಗಿಯೂ 2025ರ ಅಕ್ಟೋಬರ್ 19ರಂದು ಸಂತ ಪದವಿಗೇರಿದರು. 1927ರ ಫೆಬ್ರವರಿಯಲ್ಲಿ ಖ್ಯಾತ ಮನೋವೈದ್ಯ ಲಿಯೊನಾರ್ದೊ ಬಿಯಾಂಕಿ ಉಪನ್ಯಾಸ ಮುಗಿಸುತ್ತಿದ್ದಂತೆ ಕುಸಿದರು. ಬಹುಕಾಲ ದೇವಾಲಯದಿಂದ ದೂರವಿದ್ದವರು ಅವರು. ಸಭೆಯಲ್ಲಿದ್ದ ಮೊಸ್ಕಾತಿ ಓಡಿಬಂದು ಅವರ ಕಿವಿಯಲ್ಲಿ ಪ್ರಾರ್ಥನೆ ಹೇಳಿಕೊಟ್ಟರು, ಧರ್ಮಗುರುವನ್ನು ಕರೆಸಿದರು.

ಎರಡೇ ತಿಂಗಳು. 1927ರ ಏಪ್ರಿಲ್ 12, ಪವಿತ್ರ ವಾರದ ಮಂಗಳವಾರ. ಎಂದಿನಂತೆ ಬೆಳಿಗ್ಗೆ ಬಲಿಪೂಜೆಯಲ್ಲಿ ಭಾಗವಹಿಸಿ, ಪರಮಪ್ರಸಾದ ಸ್ವೀಕರಿಸಿ ಆಸ್ಪತ್ರೆಗೆ ಹೋದರು. ಮನೆಗೆ ಬಂದು ಊಟ ಮಾಡಿ ರೋಗಿಗಳನ್ನು ನೋಡತೊಡಗಿದರು. ಮೂರು ಗಂಟೆಯ ಹೊತ್ತಿಗೆ ಮೈಯಲ್ಲಿ ಸರಿಯಿಲ್ಲವೆಂದು ಕೋಣೆಗೆ ಹೋಗಿ ಆರಾಮ ಕುರ್ಚಿಯಲ್ಲಿ ಕುಳಿತರು. ಅಲ್ಲಿಯೇ ಪ್ರಾಣ ಬಿಟ್ಟರು. ವಯಸ್ಸು 46. ಹೊರಗೆ ಇನ್ನೂ ರೋಗಿಗಳು ಕಾಯುತ್ತಿದ್ದರು.

1930ರ ನವೆಂಬರ್ 16ರಂದು ಅವರ ಪಾರ್ಥಿವ ಶರೀರವನ್ನು ಸ್ಮಶಾನದಿಂದ ಯೇಸು ಸಭೆಯವರ ಜೆಸು ನುವೊವೊ ದೇವಾಲಯಕ್ಕೆ ತರಲಾಯಿತು. ಹಬ್ಬದ ದಿನಾಂಕದ ಮೂಲ ಇದು. 1975ರಲ್ಲಿ ಪೋಪ್ ಆರನೇ ಪೌಲ್ ಅವರನ್ನು ಪುನೀತರೆಂದು ಘೋಷಿಸಿದರು. ಸಂತ ಪದವಿಗಾಗಿ ಪರಿಶೀಲನೆಗೆ ಬಂದದ್ದು ರಕ್ತದ ಕ್ಯಾನ್ಸರಿನಿಂದ ಬಳಲುತ್ತಿದ್ದ ಯುವ ಕಮ್ಮಾರನೊಬ್ಬನ ಗುಣಮುಖ. ಬಿಳಿ ಅಂಗಿಯ ವೈದ್ಯರೊಬ್ಬರನ್ನು ಆತನ ತಾಯಿ ಕನಸಿನಲ್ಲಿ ಕಂಡಿದ್ದರು. ಕನಸನ್ನು ನಂಬಿ ಯಾರೂ ತೀರ್ಮಾನ ಮಾಡಲಿಲ್ಲ. ಆಸ್ಪತ್ರೆಯ ದಾಖಲೆಗಳನ್ನು ವೈದ್ಯರ ಮಂಡಳಿ ಪರಿಶೀಲಿಸಿತು. ಮೊಸ್ಕಾತಿಯವರೂ ಹಾಗೆಯೇ ಆಗಬೇಕೆನ್ನುತ್ತಿದ್ದರೇನೋ! 1987ರ ಅಕ್ಟೋಬರ್ 25ರಂದು, ಶ್ರೀಸಾಮಾನ್ಯರ ಕುರಿತ ಧರ್ಮಾಧ್ಯಕ್ಷರ ಸಿನೋದ್ ನಡೆಯುತ್ತಿದ್ದಾಗ, ಪೋಪ್ ಎರಡನೇ ಜಾನ್ ಪೌಲ್ ಅವರನ್ನು ಸಂತರೆಂದು ಘೋಷಿಸಿದರು.

ನೇಪಲ್ಸಿಗೆ ಹೋಗುವ ಯಾತ್ರಿಕರು ಜೆಸು ನುವೊವೊದಲ್ಲಿ ಅವರ ಕೋಣೆಯನ್ನು ಕಾಣಬಹುದು. ಅವರ ಮನೆಯ ಸಾಮಾನುಗಳನ್ನು ಅಲ್ಲಿ ಜೋಡಿಸಿಡಲಾಗಿದೆ. ಅವುಗಳ ನಡುವೆ ಅವರು ಕೊನೆಯುಸಿರೆಳೆದ ಆ ಆರಾಮ ಕುರ್ಚಿಯೂ ಇದೆ.