ಸೋಮವಾರ ಆಫೀಸಿಗೆ ಹೋಗುತ್ತಿದ್ದ ಸತ್ಯಜಿತ್ ರೇ

ಕಳೆದ ವರ್ಷ ದೀಪಾವಳಿಗೆ ಸ್ವಲ್ಪ ಮೊದಲು, ಒಂದು ರಾತ್ರಿ ರಾಜೀನಾಮೆ ಪತ್ರ ಟೈಪ್ ಮಾಡಿ ಇಟ್ಟುಕೊಂಡಿದ್ದೆ. ಪದವಿ ಮುಗಿಸಿ ಮಂಡ್ಯದಿಂದ ಬೆಂಗಳೂರಿಗೆ ಬಂದು, ಜಾಹೀರಾತು ಚಿತ್ರ ತಯಾರಿಸುವ ಒಂದು ಚಿಕ್ಕ ಕಂಪನಿಯಲ್ಲಿ ಪ್ರೊಡಕ್ಷನ್ ಅಸಿಸ್ಟೆಂಟ್ ಆಗಿ ಹದಿನಾಲ್ಕು ತಿಂಗಳಾಗಿತ್ತು. ಹುದ್ದೆಯ ಹೆಸರು ದೊಡ್ಡದು. ಕೆಲಸ ಮಾತ್ರ ಲೊಕೇಶನ್‌ಗೆ ಅನುಮತಿ ತರುವುದು, ಟೆಂಪೊ ಗೊತ್ತು ಮಾಡುವುದು, ಶೂಟಿಂಗ್‌ಗೆ ಬೇಕಾದ ಕುಕ್ಕರ್, ಚಾಪೆ ಹೊಂದಿಸುವುದು, ಐವತ್ತು ಜನರ ಊಟದ ಲೆಕ್ಕ ನೋಡುವುದು. ಬಿಡುವಿನಲ್ಲಿ ನಾನು ಬರೆದುಕೊಟ್ಟಿದ್ದ ಒಂದು ಕಥೆಯ ಎಳೆ ಬೇರೆಯವರ ಹೆಸರಿನಲ್ಲಿ ಕ್ಲೈಂಟ್ ಮುಂದೆ ಹೋಗಿತ್ತು. ಅದೇ ಸಿಟ್ಟಿನಲ್ಲಿ ಅಮ್ಮನಿಗೆ ಫೋನ್ ಮಾಡಿ, ಕೆಲಸ ಬಿಟ್ಟು ಸ್ವಂತ ಕಿರುಚಿತ್ರ ಮಾಡುತ್ತೇನೆ ಎಂದೆ. ಅಮ್ಮ ಬೈಯಲಿಲ್ಲ. ತಂಗಿಯ ಕಾಲೇಜು ಫೀಸಿನ ಎರಡನೇ ಕಂತು ಯಾವಾಗ ಕಟ್ಟಬೇಕು ಎಂದಷ್ಟೇ ಕೇಳಿದಳು.

ಮರುದಿನ ಪ್ರಾಪ್ಸ್ ತುಂಬಿದ ಟೆಂಪೊದಲ್ಲಿ ನನ್ನ ಪಕ್ಕ ಕೂತವರು, ಎಷ್ಟೋ ವರ್ಷಗಳಿಂದ ಸೆಟ್ ಹಾಕುತ್ತಿರುವ ನಮ್ಮ ಹಿರಿಯರೊಬ್ಬರು. ನಾವೆಲ್ಲ ಅವರನ್ನು ಅಣ್ಣ ಅಂತಲೇ ಕರೆಯುವುದು. ನನ್ನ ಗೋಳನ್ನೆಲ್ಲ ಕೇಳಿದ ಮೇಲೆ ಅಣ್ಣ ಒಂದೇ ಪ್ರಶ್ನೆ ಹಾಕಿದರು. ಸತ್ಯಜಿತ್ ರೇ ಎಷ್ಟು ವರ್ಷ ಜಾಹೀರಾತು ಕಂಪನಿಯಲ್ಲಿ ಸಂಬಳಕ್ಕೆ ದುಡಿದರು, ಗೊತ್ತಾ ಎಂದು. ನನಗೆ ಗೊತ್ತಿರಲಿಲ್ಲ. ರೇ ಎಂದರೆ ‘ಪಥೇರ್ ಪಾಂಚಾಲಿ’, ಆಸ್ಕರ್, ಭಾರತ ರತ್ನ ಅಷ್ಟೇ ಅಂದುಕೊಂಡಿದ್ದೆ. ಆ ವಾರ ಲೈಬ್ರರಿಯಲ್ಲಿ ಕೂತು ಅವರ ಬದುಕನ್ನು ಓದಿದೆ. ಓದುತ್ತಾ ಹೋದಂತೆ ನನ್ನ ಸಿಟ್ಟು ಕರಗುತ್ತಾ ಬಂತು.

ರೇ ಹುಟ್ಟಿದ್ದು 1921ರ ಮೇ 2ರಂದು, ಕೋಲ್ಕತ್ತದಲ್ಲಿ. ತಾತ ಉಪೇಂದ್ರಕಿಶೋರ್ ಸ್ವಂತ ಮುದ್ರಣಾಲಯ ನಡೆಸಿದವರು, ‘ಸಂದೇಶ್’ ಎಂಬ ಮಕ್ಕಳ ಪತ್ರಿಕೆ ಶುರು ಮಾಡಿದವರು. ತಂದೆ ಸುಕುಮಾರ್ ರೇ ಬಂಗಾಳದ ಮಕ್ಕಳೆಲ್ಲ ಇಂದಿಗೂ ಬಾಯಿಪಾಠ ಹೇಳುವ ಪದ್ಯಗಳ ಕವಿ. ಮಗನಿಗೆ ಮೂರು ವರ್ಷ ತುಂಬುವ ಮೊದಲೇ ತಂದೆ ತೀರಿಕೊಂಡರು. ಮುದ್ರಣಾಲಯವೂ ಕೈಬಿಟ್ಟು ಹೋಯಿತು. ತಾಯಿ ಸುಪ್ರಭಾ ಮಗನನ್ನು ಕರೆದುಕೊಂಡು ತವರಿನ ಆಸರೆಯಲ್ಲಿ ಬದುಕು ಕಟ್ಟಿದರು. ಮಗ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಓದಿದರು. ಆಮೇಲೆ ಶಾಂತಿನಿಕೇತನಕ್ಕೆ ಹೋಗಿ ನಂದಲಾಲ್ ಬೋಸ್, ವಿನೋದ್ ಬಿಹಾರಿ ಮುಖರ್ಜಿ ಅವರ ಬಳಿ ಚಿತ್ರಕಲೆ ಕಲಿತರು. ಆ ಕೋರ್ಸನ್ನು ಪೂರ್ತಿ ಮುಗಿಸಲಿಲ್ಲ.

1943ರಲ್ಲಿ ಡಿ.ಜೆ. ಕೀಮರ್ ಎಂಬ ಬ್ರಿಟಿಷ್ ಜಾಹೀರಾತು ಸಂಸ್ಥೆಯ ಕೋಲ್ಕತ್ತ ಕಚೇರಿಗೆ ಸೇರಿದರು. ಹುದ್ದೆ ಜೂನಿಯರ್ ವಿಷುಯಲೈಸರ್. ತಿಂಗಳ ಸಂಬಳ 80 ರೂಪಾಯಿ. ಪದಗಳನ್ನು ಬರೆಯುವವರು ಬೇರೆ, ಹಣ ಕೊಡುವ ಕ್ಲೈಂಟ್ ಬೇರೆ. ಇವರೆಲ್ಲರ ನಡುವೆ ನಿಂತು, ಪುಟದ ಮೇಲೆ ಆ ಜಾಹೀರಾತು ಹೇಗೆ ಕಾಣಬೇಕೆಂದು ಬರೆದು ತೋರಿಸುವುದು ಅವರ ಕೆಲಸ. ಮಲೇರಿಯಾ ಮಾತ್ರೆಯ ಜಾಹೀರಾತನ್ನೂ ಮಾಡಿದರು. ಪಾಶ್ಚಾತ್ಯ ಮಾದರಿಯನ್ನೇ ನಕಲು ಮಾಡುತ್ತಿದ್ದ ಪುಟಗಳಿಗೆ ನಮ್ಮ ನೆಲದ ಚಿತ್ತಾರ, ಕೈಬರಹದ ಸೊಗಸು ತಂದರು. ಅಲ್ಲೂ ಎಲ್ಲವೂ ಸುಖವಿರಲಿಲ್ಲ. ಬ್ರಿಟಿಷರಿಗೆ ಹೆಚ್ಚು ಸಂಬಳ, ಭಾರತೀಯರಿಗೆ ಕಡಿಮೆ. ಕ್ಲೈಂಟ್‌ಗಳ ಬುದ್ಧಿಮಟ್ಟದ ಬಗ್ಗೆ ಅವರಿಗೂ ಬೇಸರವಿತ್ತು. ಅದನ್ನು ಓದಿ ಒಬ್ಬನೇ ನಕ್ಕೆ.

ಆದರೆ ಬೇಸರ ಎಂದು ಅವರು ಕೈಕಟ್ಟಿ ಕೂರಲಿಲ್ಲ. ಅದೇ ಕಚೇರಿಯ ಡಿ.ಕೆ. ಗುಪ್ತಾ ಸಿಗ್ನೆಟ್ ಪ್ರೆಸ್ ಎಂಬ ಪ್ರಕಾಶನ ತೆರೆದಾಗ, ರೇ ಅದರ ಪುಸ್ತಕಗಳಿಗೆ ಮುಖಪುಟ ಮಾಡತೊಡಗಿದರು. ನೆಹರೂ ಅವರ ‘ಡಿಸ್ಕವರಿ ಆಫ್ ಇಂಡಿಯಾ’ದ ಮುಖಪುಟವೂ ಅವರದೇ. ವಿಭೂತಿಭೂಷಣ ಬಂದ್ಯೋಪಾಧ್ಯಾಯರ ‘ಪಥೇರ್ ಪಾಂಚಾಲಿ’ ಕಾದಂಬರಿಯನ್ನು ಮಕ್ಕಳಿಗಾಗಿ ಸಂಕ್ಷೇಪಿಸಿ ತಂದಾಗ ಅದಕ್ಕೆ ಚಿತ್ರ ಬರೆಯುವ ಕೆಲಸ ಬಂತು. ಒಂದೊಂದೇ ಸನ್ನಿವೇಶ ಬರೆಯುತ್ತಿರುವಾಗ ಸಿನಿಮಾದ ಕನಸು ಮೊಳೆಯಿತು. ಅಂದರೆ, ಅವರನ್ನು ಸಿನಿಮಾಕ್ಕೆ ತಲುಪಿಸಿದ್ದು ನೌಕರಿಯಿಂದ ಸಿಕ್ಕ ಪರಿಚಯ, ಬಿಡುವಿನಲ್ಲಿ ಮಾಡಿದ ಕೆಲಸ.

1947ರಲ್ಲಿ ಚಿದಾನಂದ ದಾಸ್‌ಗುಪ್ತಾ ಮತ್ತಿತರ ಗೆಳೆಯರೊಂದಿಗೆ ಕಲ್ಕತ್ತಾ ಫಿಲ್ಮ್ ಸೊಸೈಟಿ ಕಟ್ಟಿದರು. ಫ್ರೆಂಚ್ ನಿರ್ದೇಶಕ ಜಾನ್ ರೆನ್ವಾರ್ ‘ದಿ ರಿವರ್’ ಚಿತ್ರಕ್ಕಾಗಿ ಬಂದಾಗ ರೇ ಅವರೊಂದಿಗೆ ಲೊಕೇಶನ್ ಹುಡುಕಲು ಹೋದರು. 1950ರಲ್ಲಿ ಕಂಪನಿಯೇ ಅವರನ್ನು ಲಂಡನ್ ಕಚೇರಿಗೆ ಕಳಿಸಿತು. ಅಲ್ಲಿದ್ದ ಕೆಲವೇ ತಿಂಗಳಲ್ಲಿ ನೂರರ ಹತ್ತಿರ ಸಿನಿಮಾ ನೋಡಿದರು. ಅದರಲ್ಲೊಂದು ಇಟಲಿಯ ‘ಬೈಸಿಕಲ್ ಥೀವ್ಸ್’. ಬೀದಿಯಲ್ಲೇ, ವೃತ್ತಿನಟರಲ್ಲದವರನ್ನು ಇಟ್ಟುಕೊಂಡು ಚಿತ್ರ ಮಾಡಬಹುದು ಎಂಬ ಧೈರ್ಯ ಬಂದದ್ದು ಅಲ್ಲಿ.

ಊರಿಗೆ ಮರಳಿದ ಮೇಲೆ ಅವರು ಮಾಡಿದ್ದು ಜಾಹೀರಾತಿನವರು ಮಾಡುವುದನ್ನೇ. ಸಾಲು ಸಾಲು ಚಿತ್ರಕಥೆ ಬರೆದಿಡುವ ಬದಲು ಒಂದು ನೋಟ್‌ಬುಕ್ ತುಂಬ ದೃಶ್ಯಗಳ ಚಿತ್ರ ಬರೆದು, ಅದನ್ನು ಹಿಡಿದು ನಿರ್ಮಾಪಕರ ಬಾಗಿಲು ತಟ್ಟಿದರು. ಹಾಡಿಲ್ಲ, ಕುಣಿತವಿಲ್ಲ, ತಾರೆಯರಿಲ್ಲ. ಒಬ್ಬರೂ ಮುಂದೆ ಬರಲಿಲ್ಲ.

ತಂಡ ಮಾತ್ರ ಸಿದ್ಧವಾಯಿತು. ಛಾಯಾಗ್ರಾಹಕ ಸುಬ್ರತ ಮಿತ್ರ ಅವರಿಗೆ ಆಗ 21 ವರ್ಷ, ಸಿನಿಮಾ ಕ್ಯಾಮೆರಾ ನಡೆಸಿದವರೇ ಅಲ್ಲ. ಕಲಾ ನಿರ್ದೇಶಕ ಬನ್ಸಿ ಚಂದ್ರಗುಪ್ತ. ಇಬ್ಬರಿಗೂ ‘ದಿ ರಿವರ್’ ಚಿತ್ರೀಕರಣದ ಒಡನಾಟವಿತ್ತು. 1952ರ ಅಕ್ಟೋಬರ್ ಕೊನೆಯಲ್ಲಿ ಮೊದಲ ಶೂಟಿಂಗ್. ನಮ್ಮ ಮಂಡ್ಯದ ಗದ್ದೆಯಲ್ಲಿ ಕಬ್ಬಿನ ಸೂಲಂಗಿ ತೂಗುವ ಹಾಗೆ, ಬಿಳಿ ಹೂ ಬಿಟ್ಟ ಕಾಶ್ ಹುಲ್ಲಿನ ಬಯಲು. ಕೆಲ ದಿನ ಬಿಟ್ಟು ಮತ್ತೆ ಹೋದರೆ ದನಗಳು ಹೂವನ್ನೆಲ್ಲ ಮೇಯ್ದು ಮುಗಿಸಿದ್ದವು! ಆ ದೃಶ್ಯ ಮುಗಿಸಲು ಮತ್ತೊಂದು ಹೂವಿನ ಕಾಲ ಬರುವವರೆಗೆ ಕಾದರು.

ಶುರುವಿನಲ್ಲಿ ಶೂಟಿಂಗ್ ನಡೆದದ್ದು ಹೆಚ್ಚಾಗಿ ಭಾನುವಾರ, ರಜೆ ದಿನಗಳಲ್ಲಿ. ಸೋಮವಾರ ಮತ್ತೆ ಆಫೀಸು. ವಿಮೆ ಪಾಲಿಸಿಯ ಮೇಲೆ ಸಾಲ ತೆಗೆದರು, ಪುಸ್ತಕ, ಗ್ರಾಮೊಫೋನ್ ರೆಕಾರ್ಡು ಮಾರಿದರು. ಹೆಂಡತಿ ಬಿಜೊಯಾ ಒಡವೆ ಅಡವಿಟ್ಟರು. ಮಗ ಸಂದೀಪ್ ಹುಟ್ಟಿದಾಗ ಚಿತ್ರ ಇನ್ನೂ ಮುಗಿದಿರಲಿಲ್ಲ. ದುಡ್ಡು ಖಾಲಿಯಾಗಿ ತಿಂಗಳುಗಟ್ಟಲೆ ಕೆಲಸ ನಿಂತಿತು. ಹುಡುಗನ ದನಿ ಒಡೆದರೆ, ಹುಡುಗಿ ದೊಡ್ಡವಳಾಗಿಬಿಟ್ಟರೆ, 80ರ ಆಸುಪಾಸಿನ ಚುನಿಬಾಲಾ ದೇವಿಗೆ ಏನಾದರೂ ಆದರೆ ಎಂಬ ಭಯ ಬೇರೆ. ಕೊನೆಗೆ ಪಶ್ಚಿಮ ಬಂಗಾಳ ಸರ್ಕಾರ ಹಣ ಕೊಟ್ಟಿತು. ರವಿಶಂಕರ್ ಒಂದೇ ರಾತ್ರಿ ಕೂತು ಸಂಗೀತ ಮುಗಿಸಿಕೊಟ್ಟರು. 1955ರ ಮೇ ತಿಂಗಳಲ್ಲಿ ನ್ಯೂಯಾರ್ಕ್‌ನಲ್ಲಿ ಮೊದಲ ಪ್ರದರ್ಶನ, ಆಗಸ್ಟ್‌ನಲ್ಲಿ ಕೋಲ್ಕತ್ತದಲ್ಲಿ ಬಿಡುಗಡೆ. ಅದರ ಜಾಹೀರಾತನ್ನೂ ರೇ ಅವರೇ ವಿನ್ಯಾಸ ಮಾಡಿದ್ದರು. ಮೊದಮೊದಲು ಜನ ಕಡಿಮೆ, ಆಮೇಲೆ ಥಿಯೇಟರ್ ತುಂಬಿತು. 1956ರಲ್ಲಿ ಕಾನ್ ಉತ್ಸವದಲ್ಲಿ ಪ್ರಶಸ್ತಿ ಬಂತು.

ಮುಂದಿನದು ಎಲ್ಲರಿಗೂ ಗೊತ್ತಿರುವ ಕಥೆ. ಒಂದು ಸಂಗತಿ ಮಾತ್ರ ಹೇಳಬೇಕು. ಮುಂದಿನ ಚಿತ್ರ ‘ಅಪರಾಜಿತೊ’ದಲ್ಲಿ ಕಾಶಿಯ ಮನೆಯೊಂದರ ಅಂಗಳವನ್ನು ಸ್ಟುಡಿಯೊದೊಳಗೆ ಕಟ್ಟಬೇಕಿತ್ತು. ಅಂಥ ಅಂಗಳಕ್ಕೆ ಮೇಲಿನಿಂದ ಇಳಿಯುವ ಮೆದು ಬೆಳಕು ಸೆಟ್‌ನಲ್ಲಿ ಸಿಗುವುದು ಹೇಗೆ? ಸುಬ್ರತ ಮಿತ್ರ ಮೇಲೆ ಬಿಳಿ ಬಟ್ಟೆ ಬಿಗಿದು, ಕೆಳಗಿನಿಂದ ಲೈಟ್ ಹೊಡೆದು, ಅಲ್ಲಿಂದ ವಾಪಸು ಬರುವ ಬೆಳಕಿನಲ್ಲಿ ಚಿತ್ರೀಕರಿಸಿದರು. ಇಂದು ನಮ್ಮ ಸೆಟ್‌ನಲ್ಲಿ ದಿನವೂ ಲೈಟ್ ಬೌನ್ಸ್ ಮಾಡುವಾಗ ಆ ಯುವಕ ನೆನಪಾಗುತ್ತಾರೆ. ಅನುಭವವಿಲ್ಲದವರನ್ನು ನಂಬಿದ್ದಕ್ಕೆ ರೇ ಅವರಿಗೆ ಸಿಕ್ಕ ಪ್ರತಿಫಲ ಅದು. 1992ರ ಏಪ್ರಿಲ್ 23ರಂದು ರೇ ತೀರಿಕೊಂಡಾಗ ನಾನಿನ್ನೂ ಹುಟ್ಟಿರಲಿಲ್ಲ.

ಕನಸಿಗಾಗಿ ನೌಕರಿಗೆ ಒದ್ದು ಬಂದವರ ಕಥೆಗಳನ್ನೇ ನಾವು ಹೆಚ್ಚು ಕೇಳುತ್ತೇವೆ. ರೇ ಹನ್ನೆರಡು ವರ್ಷಕ್ಕೂ ಹೆಚ್ಚು ಕಾಲ ಸಂಬಳದ ಕೆಲಸ ಮಾಡುತ್ತಲೇ ಕಲಿತರು, ಜೊತೆಗಾರರನ್ನು ಕೂಡಿಸಿಕೊಂಡರು. ಎಲ್ಲರೂ ಹೀಗೆಯೇ ಮಾಡಬೇಕು ಎಂದಲ್ಲ. ಅಡವಿಡಲು ಮನೆಯಲ್ಲಿ ಒಡವೆ ಇರಬೇಕಲ್ಲ, ಅದೂ ಎಲ್ಲರಿಗೂ ಇರುವುದಿಲ್ಲ. ನಮ್ಮ ಮನೆಯಲ್ಲಂತೂ ಇಲ್ಲ.

ನಾನು ರಾಜೀನಾಮೆ ಕೊಡಲಿಲ್ಲ. ಆದರೆ ಸುಮ್ಮನೆಯೂ ಇರಲಿಲ್ಲ. ನನ್ನ ಕಥೆ ಬೇರೆಯವರ ಹೆಸರಿನಲ್ಲಿ ಹೋದದ್ದು ಸರಿಯಲ್ಲ ಎಂದು ಎದುರಿಗೇ ಹೇಳಿದೆ. ಹೇಳುವಾಗ ದನಿ ನಡುಗಿತು. ಕ್ಷಮೆಯೇನೂ ಸಿಗಲಿಲ್ಲ, ಮುಂದಿನ ಮೀಟಿಂಗ್‌ಗೆ ನನ್ನನ್ನೂ ಕರೆದರು. ಈಗ ಕಥೆಯನ್ನು ಬಾಯಲ್ಲಿ ಹೇಳುವುದಿಲ್ಲ. ಸೊಟ್ಟಪಟ್ಟ ಗೆರೆಗಳಲ್ಲೇ ಆರು ಚೌಕ ಬರೆದು, ಕೆಳಗೆ ಹೆಸರು, ತಾರೀಖು ಹಾಕಿ ತೋರಿಸುತ್ತೇನೆ.

ಎರಡನೇ ಕಂತು ಕಟ್ಟಿಯಾಯಿತು. ನಮ್ಮ ಕಿರುಚಿತ್ರದ ಶೂಟಿಂಗ್ ಇದುವರೆಗೆ ಮೂರು ಭಾನುವಾರ ನಡೆದಿದೆ. ಸೆಟ್ ಹಾಕುವವರು ಅಣ್ಣ, ಊಟದ ಲೆಕ್ಕ ಈಗಲೂ ನನ್ನದೇ.